ಒಂದು ಮನೆಗೆ ಒಂದೇ ಹುಸಿ

ಪೊರೆಯವರ ಮನೆಗಳಲ್ಲಿ ಮೈಹರಕೆಯ ದಿನ ಯಾರೂ ಹೆಚ್ಚು ಮಾತನಾಡುವುದಿಲ್ಲ. ಮಾತು ಬೆಳೆದಲ್ಲಿ ಹುಸಿ ನುಸುಳುತ್ತದೆ. ಆ ದಿನ ಮನೆಯಲ್ಲಿ ಹುಸಿಗೆ ಸ್ಥಳವಿಲ್ಲ. ಮನೆಯವರಲ್ಲೊಬ್ಬರು ಬೇರೊಂದು ಜೀವಿಯ ಮೈ ತೊಟ್ಟು ಹೊರಗಿರುವಾಗ, ತೊಟ್ಟ ಆ ಮೈಯೇ ಲೋಕದ ಕಣ್ಣಿಗೆ ಒಂದು ಹುಸಿ. ಅದನ್ನು ದೇವಿ ಮನ್ನಿಸುತ್ತಾಳೆ, ತೊಡಿಸಿದವಳು ಅವಳೇ ಆದುದರಿಂದ. ಆದರೆ ಒಂದು ಮನೆ ಒಂದೇ ಹುಸಿಯನ್ನು ಹೊರಬಲ್ಲದು. ಎರಡನೆಯದು ಯಾರ ಬಾಯಿಂದ ಬಂದರೂ, ಎಷ್ಟೇ ಸಣ್ಣದಾಗಿದ್ದರೂ, ಹೊರಗಿರುವವನ ಒಳಗಿನ ಮನುಷ್ಯ ನಿದ್ದೆಹೋಗುತ್ತಾನೆ; ತೊಟ್ಟ ಮೈ ಮಾತ್ರ ಎಚ್ಚರವಾಗಿ ಉಳಿಯುತ್ತದೆ.

ಇದನ್ನು ಗಂಗಲಕ್ಷ್ಮಮ್ಮನವರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಅವರ ಮಾವನ ಕಾಲದಲ್ಲಿ ಬಿನ್ನಿಪೇಟೆಯ ಗಿರಣಿ ಕೆಲಸಕ್ಕೆಂದು ಬಂದು, ಗಿರಣಿ ಮುಚ್ಚಿದ ಮೇಲೆ ಮಾಗಡಿ ರಸ್ತೆಯ ಉದ್ದಕ್ಕೂ ಚೆದುರಿಹೋದ ಪೊರೆಯವರ ಮನೆಗಳಿಗೆಲ್ಲ ಈಗ ಅವರೇ ಹಿರಿಯರು. ಸುಂಕದಕಟ್ಟೆಯಲ್ಲಿ ಎರಡು ಅಪಾರ್ಟ್‌ಮೆಂಟುಗಳ ಗೋಡೆಗಳ ನಡುವೆ ಸಿಕ್ಕಿಕೊಂಡಿರುವ ಅರಳಿಯ ಬುಡದಲ್ಲಿ ಪೊರೆಯಮ್ಮನ ಕಲ್ಲಿದೆ. ಅದಕ್ಕೆ ಮುಖವಿಲ್ಲ. ಲೋಕದ ಮುಖಗಳನ್ನೆಲ್ಲ ಜೀವಿಗಳಿಗೆ ಎರವಲು ಕೊಟ್ಟವಳು ತನಗೆಂದು ಒಂದನ್ನೂ ಉಳಿಸಿಕೊಳ್ಳಲಿಲ್ಲವೆಂದು ಅವರ ನಂಬಿಕೆ. ವೇದಾಂತಿಗಳು ದೇಹವನ್ನು ಉಪಾಧಿ ಎನ್ನುತ್ತಾರೆ. ಪೊರೆಯವರು ಎರವಲು ಸೀರೆ ಎನ್ನುತ್ತಾರೆ. ಅರ್ಥದಲ್ಲಿ ಭೇದವೇನೂ ದೊಡ್ಡದಲ್ಲ. ಎರವಲು ತಂದದ್ದನ್ನು ಹೊತ್ತಿಗೆ ಸರಿಯಾಗಿ ಹಿಂದಿರುಗಿಸಬೇಕೆಂಬ ಅಂಜಿಕೆಯೊಂದು ಮಾತ್ರ ಪೊರೆಯವರಲ್ಲಿ ಅಧಿಕ.

ಪ್ರಾಯಕ್ಕೆ ಬಂದ ಪ್ರತಿಯೊಬ್ಬರೂ ವರ್ಷಕ್ಕೊಂದು ಹಗಲನ್ನು ಹೀಗೆ ಅನ್ಯಜೀವಿಯ ಮೈಯಲ್ಲಿ ಕಳೆಯಬೇಕು. ಯಾವ ಜೀವಿಯೆಂಬ ಆಯ್ಕೆ ಅವರದಲ್ಲ. ಸೂರ್ಯೋದಯಕ್ಕೆ ಮುನ್ನ ಕಾಂಪೌಂಡಿನ ಮೇಲೆ ಒಂದು ತುತ್ತು ಅನ್ನವಿಡುತ್ತಾರೆ. ಅದನ್ನು ಮೊದಲು ಉಂಡವರ ಮೈಯನ್ನೇ ತೊಡಬೇಕು. ನಮ್ಮ ಅನ್ನ ಉಂಡವರ ಹಸಿವನ್ನು ಒಂದು ಹಗಲಾದರೂ ಅರಿಯದವರಿಗೆ ಬಡಿಸುವ ಅಧಿಕಾರವಿಲ್ಲ. ಹೊರಗಿದ್ದವರು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲೊಳಗೆ ಬರುವವರೆಗೆ ಮನೆಯವರೆಲ್ಲ ನಿರಾಹಾರ.

ಆ ದಿನ ಹರಕೆ ಮಹದೇವನದು. ಗಂಗಲಕ್ಷ್ಮಮ್ಮನವರ ಒಬ್ಬನೇ ಮಗ; ವಿಜಯನಗರದಲ್ಲಿ ಕನ್ನಡಕದ ಅಂಗಡಿ ಇಟ್ಟವನು; ಸಂಕೋಚದ ಸ್ವಭಾವ. ಪ್ರತಿವರ್ಷವೂ ಕಾಗೆಯೋ ಅಳಿಲೋ ಬಂದು ತುತ್ತೆತ್ತುತ್ತಿತ್ತು. ಈ ಸಲ ಓಣಿಗೆ ಹೊಸದಾದ ಕಂದು ನಾಯಿಯೊಂದು ಗೋಡೆಗೆ ಮುಂಗಾಲೂರಿ ಅನ್ನ ನುಂಗಿ, ತನ್ನ ದಾರಿ ಹಿಡಿದು ಹೋಯಿತು. ಬೆಳಗಾಗುವಷ್ಟರಲ್ಲಿ ಅದರಂತಹುದೇ ಮೈಯ ನಾಯಿಯೊಂದು ಮನೆಯೊಳಗಿಂದ ಹೊರಬಂದು ಗೇಟಿನ ಬಳಿ ಮಲಗಿತು. ಹೆಂಡತಿ ವರಲಕ್ಷ್ಮಿ ಕಿಟಕಿಗೆ ಬಂದಾಗಲೆಲ್ಲ ಅದು ತಲೆಯೆತ್ತಿ ನೋಡುತ್ತಿತ್ತು. ತಾಯಿಯ ಎದುರು ಹೆಂಡತಿಯನ್ನು ನೋಡಲು ನಾಚುವ ಗಂಡನ ನೋಟವೇ ಅದು.

ಮಧ್ಯಾಹ್ನ ಗಂಗಲಕ್ಷ್ಮಮ್ಮನವರು ಬಾಗಿಲಲ್ಲಿ ನಿಂತಿದ್ದಾಗ, ಮಹಡಿಯ ಮೇಲಿನ ಬಾಡಿಗೆಮನೆಯ ಬಸವ್ವ ಒಣಗಿದ ಬಟ್ಟೆ ಹೊತ್ತು ಮೆಟ್ಟಿಲಿಳಿದು ಬಂದಳು. ರಾಣೆಬೆನ್ನೂರಿನ ಕಡೆಯವಳು, ಗಂಡ ರೇವಣಸಿದ್ದಯ್ಯ ಸರ್ಕಾರಿ ಅಧಿಕಾರಿ.

"ಊಟ ಆತೇನ್ರಿ ಅಮ್ಮಾರ?"

"ಹೂಂ, ಆಯ್ತು."

ಅದು ಉತ್ತರವಾಗಿರಲಿಲ್ಲ, ಉಸಿರಿನಷ್ಟೇ ಸಹಜವಾದ ಉಪಚಾರ. ನುಡಿದವರಿಗೇ ಅದು ಕೇಳಿಸಲಿಲ್ಲ. ಗೇಟಿನ ಬಳಿಯಿದ್ದ ನಾಯಿ ಮಾತ್ರ ಎದ್ದು ಮೈ ಕೊಡವಿ, ತಾನಲ್ಲಿ ಏಕೆ ಮಲಗಿದ್ದೆನೆಂಬುದನ್ನೇ ಮರೆತಂತೆ ರಸ್ತೆಯತ್ತ ನಡೆಯಿತು.

ನಾಯಿ ಹಿಡಿಯುವ ವ್ಯಾನು ಓಣಿಯ ತಿರುವಿನಲ್ಲಿ ನಿಂತದ್ದು ಅದಾದ ಸ್ವಲ್ಪ ಹೊತ್ತಿಗೆ. ಕಿಟಕಿಯಲ್ಲಿದ್ದ ವರಲಕ್ಷ್ಮಿಗೆ ಮೊದಲು ಗಾಬರಿಯಾಗಲಿಲ್ಲ. ಅಳಿಲಾಗಿದ್ದಾಗ ಬೆಕ್ಕನ್ನು ವಂಚಿಸಿ ಬಂದವನಿಗೆ ಮನುಷ್ಯರ ಬಲೆ ಯಾವ ಲೆಕ್ಕ? ಓಣಿಯ ನಾಯಿಗಳೆಲ್ಲ ಚದುರಿ ಓಡಿದವು. ಕಂದು ನಾಯಿ ಮಾತ್ರ, ಬಲೆಯವನು ನೀಡಿದ ಬಿಸ್ಕತ್ತಿಗೆ ಬಾಲವಾಡಿಸುತ್ತ ನೇರವಾಗಿ ನಡೆದು ಹೋಯಿತು.

ಆಕೆ ಬರಿಗಾಲಿನಲ್ಲಿ ಓಡಿದಳು.

"ಅಣ್ಣಾ, ಅಣ್ಣಾ! ಅವರನ್ನ ಬಿಟ್ಬಿಡೀ!"

ಬಲೆಯವನು ನಕ್ಕುಬಿಟ್ಟ. "ಏನ್ ಆಂಟಿ, ನಾಯಿಗೂ ಬಹುವಚನಾನಾ? ನಮಗ್ಯಾರೂ ಇಷ್ಟು ಮರ್ಯಾದೆ ಕೊಟ್ಟಿಲ್ಲ ನೋಡಿ. ನಿಮ್ಮ ನಾಯೀನಾ ಇದು?"

ಒಂದು 'ಹೌದು' ಸಾಕಿತ್ತು. ವರಲಕ್ಷ್ಮಿಯ ತುಟಿಗಳು ತೆರೆದವು, ಶಬ್ದ ಹೊರಡಲಿಲ್ಲ. ಅದು ನಾಯಿಯಲ್ಲ. ಹೌದೆಂದರೆ ಹುಸಿ, ಅಲ್ಲವೆಂದರೆ ಒಯ್ಯುತ್ತಾನೆ.

"ಸುಮ್ನೆ ಟೆನ್ಷನ್ ತಗೋಬೇಡಿ. ಕೆಂಗೇರಿ ಆಚೆ ಸೆಂಟರ್ ಇದೆ. ಆಪರೇಷನ್ ಮಾಡಿ, ಕಿವಿ ತುದಿ ಸ್ವಲ್ಪ ಕಟ್ ಮಾಡಿ, ವಾಪಸ್ ಇಲ್ಲೇ ತಂದು ಬಿಡ್ತಾರೆ," ಎಂದು ಅವನು ಬಾಗಿಲು ಬಡಿದ. ವ್ಯಾನು ಮಾಗಡಿ ರಸ್ತೆಗೆ ಹೊರಳಿ ಬಸ್ಸುಗಳ ನಡುವೆ ಮರೆಯಾಯಿತು.

ವರಲಕ್ಷ್ಮಿ ಓಡಿಬಂದು ಹೇಳಿದ ಆ ಮಾತನ್ನು ಗಂಗಲಕ್ಷ್ಮಮ್ಮನವರು ಹೊಸ್ತಿಲಲ್ಲೇ ನಿಂತು ಕೇಳಿದರು. ತೊಟ್ಟ ಮೈಯ ರಕ್ತಕ್ಕೆ ಕಬ್ಬಿಣದ ಮೊನೆ ತಾಗಿದರೆ ಆ ಮೈ ಮತ್ತೆ ಕಳಚದು. ಸೂಜಿಯಾಗಲಿ ಕತ್ತರಿಯಾಗಲಿ, ಭೇದವಿಲ್ಲ. ಕಬ್ಬಿಣ ತಪ್ಪಿದರೂ, ದೀಪದ ಹೊತ್ತು ಮೀರಿದರೆ ಎರವಲು ಸ್ವಂತವಾಗಿಬಿಡುತ್ತದೆ. ಆಮೇಲೆ ಮಹದೇವನೆಂಬವನು ಇರುವುದಿಲ್ಲ. ಒಂದು ನಾಯಿ ಇರುತ್ತದೆ.

"ಸೀನನ ಆಟೋ ಕರಿ," ಎಂದರು.

ಸೀನ ಅದೇ ಓಣಿಯ ಆಟೋ ಚಾಲಕ. ಅವನು ಬಂದು ನಿಲ್ಲುವಷ್ಟರಲ್ಲಿ, ಗದ್ದಲ ಕೇಳಿದ ಬಸವ್ವ ಕೈಯಲ್ಲೊಂದು ಚೀಲ ಹಿಡಿದು ಕೆಳಗೆ ಬಂದಳು.

"ನಾಯಿ ಬಿಡಿಸಾಕ ಹೊಂಟೀರೇನು? ತಡೀರಿ, ನಾನೂ ಬರ್ತೀನಿ. ಅಲ್ಲಿ ಮಂದಿ ಸುಮ್ಮ ಸುಮ್ಮನ ಅಡ್ಡಾಡಸ್ತಾರ. ನಮ್ಮ ಮನಿಯಾರ ಹೆಸರು ಹೇಳಿದರ ಕೆಲಸ ಲಗೂನ ಆಕ್ಕೈತಿ."

"ನಿಮಗ್ಯಾಕೆ ತೊಂದರೆ," ಎಂದರು ಗಂಗಲಕ್ಷ್ಮಮ್ಮನವರು.

"ತೊಂದ್ರಿ ಏನ್ ಬಂತು? ನಾ ಬರೂದು ಬ್ಯಾಡೇನು?"

ಬೇಡವೆನ್ನಲು ಒಂದು ನೆಪ ಬೇಕು. ನೆಪವೆಂಬುದು ಮರ್ಯಾದೆಯ ಬಟ್ಟೆ ಉಟ್ಟ ಹುಸಿ. ನೆಪವಿಲ್ಲದೆ ಒಬ್ಬರನ್ನು ಬೇಡವೆನ್ನುವ ಮಾತು ಇಷ್ಟು ವರ್ಷ ಒಂದೇ ಗೇಟಿನಿಂದ ಹೋಗಿಬಂದವರ ನಾಲಿಗೆಗೆ ಬರಲಿಲ್ಲ. ಗಂಗಲಕ್ಷ್ಮಮ್ಮನವರು ಸರಿದು ಜಾಗ ಮಾಡಿದರು.

ಆಟೋ ಹೊರಟಿತು. ಬಸವ್ವನ ಬಾಯಿ ಸುಮ್ಮನಿರುವುದಲ್ಲ.

"ಮಹದೇವಪ್ಪಾರಿಗೆ ಫೋನ್ ಹಚ್ಚಿದ್ರೇನು?"

"ಅವರ ಫೋನು ಮನೇಲೇ ಇದೆ," ಎಂದಳು ವರಲಕ್ಷ್ಮಿ.

"ಅಂಗಡಿಗೆ ಫೋನ್ ಬಿಟ್ಟು ಹೋಗ್ಯಾರ?"

"ಇವತ್ತು ಅಂಗಡಿ ಬಾಗಿಲು ಹಾಕಿದೆ."

"ಹಂಗಾರ ಎಲ್ಲಿ ಅದಾರ?"

"ದೂರ ಏನಿಲ್ಲ. ಅಲ್ಲಿಗೇ ಹೋಗ್ತಾ ಇದೀವಿ."

ಬಸವ್ವ ಆಕೆಯ ಮುಖವನ್ನು ದಿಟ್ಟಿಸಿದಳು. "ಯವ್ವಾ, ಏನ್ ಕೇಳಿದ್ರೂ ಕೋರ್ಟಿನಾಗ ನಿಂತಂಗ ಮಾತಾಡ್ತೀಯಲ್ಲ! ಒಂದು ನಾಯಿ ಸಲುವಾಗಿ ಅತ್ತೆ ಸೊಸಿ ಇಬ್ಬರೂ ಹಿಂಗ ಮಾರಿ ಬಾಡಿಸಿಕೊಂಡಿದ್ದು ನಾ ಎಲ್ಲೂ ಕಂಡಿಲ್ಲ."

ಸೀನ ಕನ್ನಡಿಯಲ್ಲಿ ನೋಡುತ್ತ ಹಲ್ಲುಕಿರಿದ. "ನಮ್ಮ ಮನೇಲಿ ನನ್ನ ಹಿಡ್ಕೊಂಡು ಹೋದ್ರೂ ಇಷ್ಟು ಸ್ಪೀಡಾಗಿ ಯಾರೂ ಬರಲ್ಲ ಆಂಟಿ."

"ಮುಂದೆ ನೋಡಿ ಓಡ್ಸಪ್ಪ," ಎಂದರು ಗಂಗಲಕ್ಷ್ಮಮ್ಮನವರು.

ಉಲ್ಲಾಳದ ಕೆರೆ ಬಂದಾಗ ಅವರು ಮುಖ ಹೊರಳಿಸಿದರು. ನೀರಿನಂಚಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು. ಬೇರೆಯವರ ಕಣ್ಣಿಗೆ ಅವೆಲ್ಲ ಒಂದೇ. ಅವರಿಗೆ ಒಂದು ಮಾತ್ರ ಬೇರೆಯಾಗಿ ತಿಳಿಯುತ್ತಿತ್ತು; ಕಣ್ಣಿನಿಂದಲ್ಲ, ಪೊರೆಯವರಿಗೆ ಮಾತ್ರ ಇರುವ, ಪರಿಮಳವನ್ನು ಹೋಲುವ ಒಂದು ಅರಿವಿನಿಂದ. ಪೊರೆಯವರ ಹಿರಿಯರು ಕೊನೆಯುಸಿರಿನ ಹೊತ್ತಿಗೆ ತಮಗೆ ಬೇಕಾದ ಮೈಯನ್ನು ಆರಿಸಿಕೊಳ್ಳಬಹುದು. ಬದುಕಿನಲ್ಲಿ ಆಯ್ಕೆ ಇರುವುದು ಅದೊಂದೇ ಸಲ. ಹಿಂದುಳಿದ ಮನುಷ್ಯದೇಹ ಹಾವು ಕಳಚಿದ ಪೊರೆಯಷ್ಟೇ, ಅದನ್ನು ಸುಡುತ್ತಾರೆ. ಅವರ ಪತಿ ಬೈರಯ್ಯನವರು ಬೆಳ್ಳಕ್ಕಿಯ ಮೈ ಆರಿಸಿಕೊಂಡು, "ಕಾಯ್ತಾ ಇರ್ತೀನಿ ಕಣೇ, ನಿಧಾನವಾಗಿ ಬಾ," ಎಂದು ಹೇಳಿ ಹೋಗಿದ್ದರು. ಆ ಮಾತಿನ ಬಲದ ಮೇಲೆ ಗಂಗಲಕ್ಷ್ಮಮ್ಮನವರಿಗೆ ಮುಪ್ಪು ಭಾರವೆನಿಸಿರಲಿಲ್ಲ.

ಕುಲದ ಗುಟ್ಟನ್ನು ಹೊರಗಿನವರಿಗೆ ನುಡಿದವರಿಂದ ಮಾತ್ರ ದೇವಿ ಎಲ್ಲವನ್ನೂ ಹಿಂತೆಗೆದುಕೊಳ್ಳುತ್ತಾಳೆ: ಮೈ ತೊಡುವ ಶಕ್ತಿಯನ್ನೂ, ಆ ಅರಿವನ್ನೂ, ಕೊನೆಯ ಆಯ್ಕೆಯನ್ನೂ. ಅಂಥವರು ಎಲ್ಲರಂತೆ ಸಾಯುತ್ತಾರೆ. ಎಲ್ಲಿಗೂ ಹೋಗುವುದಿಲ್ಲ.

ಕೆರೆ ಹಿಂದಾಯಿತು.

ಕೆಂಗೇರಿಯಾಚೆಯ ಆ ಕೇಂದ್ರ ತಗಡಿನ ಚಾವಣಿಯ ಉದ್ದನೆಯ ಕಟ್ಟಡ. ಒಳಗೆ ಫಿನಾಯಿಲ್ ವಾಸನೆ, ಎರಡೂ ಬದಿಗೆ ಸರಳಿನ ಗೂಡುಗಳು, ಒಂದು ಬೊಗಳಿದರೆ ಎಲ್ಲವೂ ಬೊಗಳುವ ನಾಯಿಗಳು. ಹಸಿರು ಗೌನು ತೊಟ್ಟ ಪಶುವೈದ್ಯೆ ಡಾಕ್ಟರ್ ಸಂಘಮಿತ್ರಾ ಕೈಗವಸು ಕಳಚುತ್ತ ಹೊರಬಂದಳು. ವಯಸ್ಸು ಚಿಕ್ಕದು, ದಣಿದ ಮುಖ, ಮೃದುವಾದ ಮಾತು.

"ಸುಂಕದಕಟ್ಟೆ ಬ್ಯಾಚಾ? ಹೇಳಿ ಅಮ್ಮ. ಆ ಬ್ರೌನ್ ನಾಯಿ ನಿಮ್ಮದಾ?"

"ನಮ್ಮ ಮನೆಗೆ ಸೇರಿದವರು," ಎಂದಳು ವರಲಕ್ಷ್ಮಿ.

"ಸಾಕಿದ್ದೀರಾ?"

"ಸಾಕಿ ಬೆಳೆಸಿದೀನಿ," ಎಂದರು ಗಂಗಲಕ್ಷ್ಮಮ್ಮನವರು. ಅದರಲ್ಲಿ ಹುಸಿಯಿರಲಿಲ್ಲ.

"ಒಳ್ಳೇದು. ಲಸಿಕೆ ಹಾಕ್ಸಿದೀರಾ?"

"ಪೋಲಿಯೋದಿಂದ ಹಿಡಿದು ಎಲ್ಲಾನೂ ಹಾಕ್ಸಿದೀನಿ."

ಡಾಕ್ಟರ್ ನಕ್ಕಳು, ಬಳಿಕ ಅವರು ನಗುತ್ತಿಲ್ಲವೆಂಬುದನ್ನು ಕಂಡು ನಗು ನಿಲ್ಲಿಸಿದಳು. "ನೋಡಿ ಅಮ್ಮ, ಕುತ್ತಿಗೇಲಿ ಪಟ್ಟಿ ಇಲ್ಲ, ನೀವು ಕಾರ್ಡ್ ತಂದಿಲ್ಲ. ನೇರವಾಗಿ ಹೇಳಿ, ಇದು ನಿಮ್ಮ ಸಾಕುನಾಯಿ ಅಂತ ಹೇಳ್ತೀರಾ? ನಿಮ್ಮ ಮಾತಿನ ಮೇಲೆ ಬಿಟ್ಟು ಕಳಿಸ್ತೀನಿ."

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿಕೊಂಡರು.

"ಹೇಳಕ್ಕಾಗಲ್ವಾ?"

"ಆಗಲ್ಲ," ಎಂದಳು ವರಲಕ್ಷ್ಮಿ.

"ಹಾಗಾದ್ರೆ ಬೀದಿನಾಯಿ ಅಂತಾನೇ ನಾನು ತಗೋಬೇಕು. ಈಗ ಟೇಬಲ್ ಮೇಲೆ ಒಂದಿದೆ. ಅದು ಮುಗಿದ ಕೂಡ್ಲೆ ಇದಕ್ಕೆ ಇಂಜೆಕ್ಷನ್ ಕೊಡ್ತೀನಿ. ಅಷ್ಟರೊಳಗೆ ಏನಾದ್ರೂ ನೆನಪಾದ್ರೆ ಕರೀರಿ," ಎಂದು ಆಕೆ ಒಳಗೆ ಹೋದಳು. ಬಸವ್ವ ತಲೆಯಾಡಿಸಿ, ಅಲ್ಲಿದ್ದ ಬೆಂಚಿನ ಮೇಲೆ ಕುಳಿತು ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

ವರಲಕ್ಷ್ಮಿ ಗೂಡಿನ ಮುಂದೆ ಮೊಣಕಾಲೂರಿದಳು. "ರೀ," ಎಂದು ಪಿಸುಗುಟ್ಟಿದಳು. "ರೀ, ನಾನು."

ನಾಯಿ ಆಕೆಯ ಕೈಯನ್ನು ಮೂಸಿ ನೋಡಿತು. ಕೈಯಲ್ಲಿ ತಿನ್ನುವುದೇನೂ ಇಲ್ಲವೆಂದು ತಿಳಿದು, ಮೂಲೆಗೆ ಹೋಗಿ ಕಿವಿ ಕೆರೆದುಕೊಂಡಿತು. ಅದರ ಕಣ್ಣುಗಳು ಸ್ವಚ್ಛವಾಗಿದ್ದವು, ಸುಂದರವಾಗಿದ್ದವು, ಮತ್ತು ಅವುಗಳೊಳಗೆ ಯಾರೂ ಇರಲಿಲ್ಲ.

ಆಕೆ ಎದ್ದು ಅತ್ತೆಯ ತೋಳು ಹಿಡಿದಳು. "ಅತ್ತೆ, ಅವರು ಒಳಗಿಲ್ಲ. ಮಲಗ್ಬಿಟ್ಟಿದಾರೆ. ಮನೇಲಿ ಯಾರೋ ಸುಳ್ಳು ಹೇಳಿದೀವಿ."

ಗಂಗಲಕ್ಷ್ಮಮ್ಮನವರ ಮುಖ ಬಿಗಿಯಿತು. "ಯಾರೋ ಅಂದ್ರೆ ಯಾರು? ಮನೇಲಿರೋದು ಇಬ್ರು. ಬೆಳಗ್ಗೆ ನಿಮ್ಮಮ್ಮನ ಜೊತೆ ಫೋನಲ್ಲಿ ಮಾತಾಡಿದ್ಯಲ್ಲ, ಏನಂದೆ?"

"ಹುಷಾರಾಗಿದೀಯಾ ಅಂದ್ರು. ಸ್ವಲ್ಪ ತಲೆನೋವು ಅಂದೆ. ತಲೆನೋವಿತ್ತು."

"ಹಾಲಿನವನ ಹತ್ರ?"

"ನಾಳೆ ಒಂದು ಲೀಟರ್ ಜಾಸ್ತಿ ಬೇಕು ಅಂದೆ. ಬೇಕು."

"ಇನ್ನೂ ಯೋಚ್ನೆ ಮಾಡು ಕಣೇ. ಎಲ್ಲೋ ಜಾರಿದೀಯ. ಮದುವೆಯಾಗಿ ಬಂದಾಗಿಂದ ನಾನು ಹೇಳ್ತಾನೇ ಇದೀನಿ, ಮಾತು ಕಮ್ಮಿ ಮಾಡು, ಮಾತು ಕಮ್ಮಿ ಮಾಡು ಅಂತ. ನನ್ನ ಬಾಯಿಂದ ಇಷ್ಟು ವರ್ಷದಲ್ಲಿ ಹರಕೆ ದಿನ ಒಂದು ಹುಸಿ ಬಂದಿಲ್ಲ."

ವರಲಕ್ಷ್ಮಿ ಕಣ್ಣುಮುಚ್ಚಿ ಆ ದಿನದ ತನ್ನ ಮಾತುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿದಳು, ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ. ಒಂದೂ ಸಿಗಲಿಲ್ಲ. ಶಸ್ತ್ರಕ್ರಿಯೆಯ ಕೋಣೆಯಲ್ಲಿ ತಟ್ಟೆಯೊಳಗೆ ಉಪಕರಣವೊಂದು ಠಣ್ಣೆಂದು ಬಿತ್ತು.

"ಏ ತಂಗಿ, ಬಾ ಇಲ್ಲಿ," ಎಂದು ಬಸವ್ವ ಕರೆದಳು. ಆಕೆಯ ಕೈಯಲ್ಲಿ ಬಾಳೆಹಣ್ಣಿತ್ತು. "ಮಾರಿ ನೋಡು, ಸುಣ್ಣ ಬಳದಂಗ ಆಗೈತಿ. ಇದರೆ ತಿನ್ನು. ಅಮ್ಮಾರದು ಊಟ ಆಗೈತಿ, ನನಗ ಹೇಳ್ಯಾರ. ನಿಂದು ಆದಂಗ ಕಾಣೂದಿಲ್ಲ."

ಗಂಗಲಕ್ಷ್ಮಮ್ಮನವರು ಗೋಡೆಗೆ ಕೈಯಾನಿಸಿದರು.

ವರಲಕ್ಷ್ಮಿ ಅತ್ತೆಯತ್ತ ತಿರುಗಿ ನೋಡಿದಳು. ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಹಿರಿಯಾಕೆಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಜಪಮಾಲೆಯ ಮಣಿಯಂತೆ ಮಾತನ್ನು ಎಣಿಸಿ ಆಡುತ್ತೇನೆಂದು ನಂಬಿದ್ದ ನಾಲಿಗೆ, ಉಪಚಾರದ ಹೆಸರಿನಲ್ಲಿ ಮಗನನ್ನೇ ಮರೆತಿತ್ತು. ವ್ರತಭಂಗಕ್ಕೆ ಬಯಕೆಯೇ ಬೇಕೆಂದಿಲ್ಲ, ಅಭ್ಯಾಸವೊಂದು ಸಾಕು.

ಹುಸಿಯನ್ನು ಕಳೆಯುವ ದಾರಿಯೊಂದಿತ್ತು. ಯಾರಿಗೆ ನುಡಿದಿದ್ದರೋ ಅವರ ಎದುರಿಗೇ ಅದನ್ನು ಹಿಂತೆಗೆದುಕೊಳ್ಳಬೇಕು. ಬಳಿಕ ಅವರು ಕೇಳುವ ಒಂದು ಪ್ರಶ್ನೆಗೆ, ಅದು ಏನೇ ಇರಲಿ, ಮರೆಯಿಲ್ಲದ ಉತ್ತರ ಕೊಡಬೇಕು. ಹುಸಿ ಪಡೆದವರಿಗೆ ಅಷ್ಟು ದಿಟ ಸಲ್ಲಬೇಕೆಂಬುದು ದೇವಿಯ ಕಟ್ಟಳೆ. ಇಂಥದ್ದನ್ನೇ ಕೇಳೆಂದು ಹೇಳಿಕೊಡುವಂತಿಲ್ಲ, ಕೇಳಿದ್ದನ್ನು ಬದಲಿಸುವಂತಿಲ್ಲ.

ಅವರು ಬೆಂಚಿನ ಬಳಿಗೆ ಹೋಗಿ ಬಸವ್ವನ ಮುಂದೆ ಕೈಜೋಡಿಸಿದರು.

"ಬಸವ್ವನವರೇ, ಮಧ್ಯಾಹ್ನ ನಾನು ನಿಮಗೆ ಸುಳ್ಳು ಹೇಳಿದೆ. ನಂದು ಊಟ ಆಗಿರಲಿಲ್ಲ. ಇವತ್ತು ನಾವು ಯಾರೂ ನೀರು ಸಹ ಮುಟ್ಟಿಲ್ಲ."

ಬಸವ್ವ ಎದ್ದು ನಿಂತಳು. "ಅಯ್ಯ ಶಿವನ! ಇಷ್ಟಕ್ಕ ಕೈ ಮುಗೀತೀರೇನ್ರಿ? ಉಣ್ಣದ ಉಂಡೀನಿ ಅನ್ನೂದು ನಾವು ದಿನಾ ಅಂತೀವಿ."

"ಇವತ್ತು ಅನ್ನಬಾರದಾಗಿತ್ತು. ನೀವೀಗ ನನ್ನನ್ನ ಒಂದು ಪ್ರಶ್ನೆ ಕೇಳಬೇಕು. ನಾನು ನಿಜ ಹೇಳ್ತೀನಿ."

"ಎಂಥಾ ಪ್ರಶ್ನೆ?"

"ನಿಮ್ಮ ಮನಸ್ಸಿಗೆ ಬಂದದ್ದು."

ನಾಳೆ ಏನು ಅಡುಗೆಯೆಂದು ಕೇಳಬಹುದಿತ್ತು. ಸೊಸೆಯದು ಯಾವ ಊರೆಂದು ಕೇಳಬಹುದಿತ್ತು. ವರಲಕ್ಷ್ಮಿ ಮನಸ್ಸಿನಲ್ಲೇ ಪೊರೆಯಮ್ಮನ ಮುಂದೆ ಉರುಳಿದಳು: ತಾಯೀ, ಚಿಕ್ಕದೊಂದನ್ನು ಕೇಳಿಸು. ಬಸವ್ವ ಬಾಳೆಹಣ್ಣನ್ನು ಚೀಲಕ್ಕೆ ಹಾಕಿದಳು. ಅತ್ತೆಯನ್ನು ನೋಡಿದಳು, ಸೊಸೆಯ ಬರಿಗಾಲನ್ನು ನೋಡಿದಳು, ಬಹಳ ಹೊತ್ತು ಗೂಡಿನ ಕಡೆಗೆ ನೋಡಿದಳು. ಅವಳ ದನಿ ತಗ್ಗಿತು.

"ಆ ನಾಯಿ ನಿಮಗ ಏನಾಗ್ಬೇಕ್ರಿ?"

"ಅತ್ತೆ, ಬೇಡ," ಎಂದು ವರಲಕ್ಷ್ಮಿ ಅವರ ಕೈ ಹಿಡಿದಳು. "ನಾನು ಹೇಳ್ತೀನಿ. ನಂದು ಹೋಗ್ಲಿ. ಮಾವ ಅಲ್ಲಿ ಕಾಯ್ತಾ ಇದಾರೆ..."

"ಪ್ರಶ್ನೆ ಕೇಳಿದ್ದು ನನ್ನನ್ನ."

ಬೆಳ್ಳಕ್ಕಿಯ ಬಿಳುಪು ಅವರ ಕಣ್ಣಮುಂದೆ ಒಮ್ಮೆ ಬಂದಿತು. ಅವರು ಅದನ್ನು ಚೆನ್ನಾಗಿ ನೋಡಿಕೊಂಡರು.

"ನನ್ನ ಮಗ," ಎಂದರು. "ನನ್ನ ಮಗ ಮಹದೇವ. ನಾವು ಮೈ ಬದಲಿಸೋ ಜನ. ಹೊತ್ತು ಮುಳುಗೋದರೊಳಗೆ ಮನೆ ಸೇರದಿದ್ರೆ ಅವನು ನಾಯಿಯಾಗೇ ಉಳೀತಾನೆ. ಕಬ್ಬಿಣ ತಾಗಿದ್ರೂ ಅಷ್ಟೇ."

ಹೊರಗೆ ಯಾವ ಗುಡುಗೂ ಕೇಳಲಿಲ್ಲ. ಮೈಮೇಲಿನ ಹಗುರವಾದ ಹೊದಿಕೆಯನ್ನು ಯಾರೋ ಮೆಲ್ಲನೆ ಎಳೆದುಕೊಂಡಂತೆ ಗಂಗಲಕ್ಷ್ಮಮ್ಮನವರಿಗೆ ಅನ್ನಿಸಿತು. ಹುಟ್ಟಿದಂದಿನಿಂದ ಜೊತೆಗಿದ್ದ ಆ ಅರಿವು ಆರಿತು. ಉಳಿದದ್ದು ಫಿನಾಯಿಲ್ ವಾಸನೆಯೊಂದೇ.

ಗೂಡಿನಲ್ಲಿದ್ದ ನಾಯಿ ಎದ್ದಿತು. ಸರಳುಗಳನ್ನು ನೋಡಿತು, ವರಲಕ್ಷ್ಮಿಯನ್ನು ನೋಡಿತು. ಆಕೆ ಬಾಯಿಗೆ ಸೆರಗೊತ್ತಿಕೊಂಡಳು. ಬಳಿಕ ಅದಕ್ಕೆ ಬಸವ್ವ ಕಂಡಳು. ಕಂಡೊಡನೆ ಅದು ತಲೆ ತಗ್ಗಿಸಿ, ಎಡಬದಿಗೆ ಸರಿದು, ಗೋಡೆಗೆ ಮೈಯನ್ನು ಒತ್ತಿ ನಿಂತಿತು. ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ಮಹದೇವ ಆಕೆಗೆ ದಾರಿ ಬಿಡುತ್ತಿದ್ದುದು ಹಾಗೆಯೇ.

ಬಸವ್ವ ತಲೆಯ ಮೇಲೆ ಸೆರಗೆಳೆದುಕೊಂಡಳು.

"ಹೌದು," ಎಂದಳು. "ಅವರ ಅದಾರ."

ಅಷ್ಟರಲ್ಲಿ ಡಾಕ್ಟರ್ ಸಿರಿಂಜು ಹಿಡಿದು ಹೊರಬಂದಳು. ಹಿಂದಿನಿಂದ ಸಹಾಯಕನೊಬ್ಬ ಬಂದು ಗೂಡಿನ ಅಗುಳಿಗೆ ಕೈಹಾಕಿದ. ಸೂಜಿಯ ತುದಿಯಲ್ಲಿ ಔಷಧದ ಹನಿಯೊಂದು ನಿಂತಿತ್ತು.

"ನಿಲ್ಲಸರಿ!" ಎಂದು ಬಸವ್ವ ಇಬ್ಬರ ನಡುವೆ ನುಗ್ಗಿದಳು. "ಇದು ನಮ್ಮ ಮನಿ ನಾಯಿ ಐತ್ರಿ ಡಾಕ್ಟರ್."

"ನಿಮ್ಮದಾ? ಮೊದಲೇ ಹೇಳ್ಬಾರ್ದಿತ್ತಾ?"

"ಇವರು ಸಾಕಿದ್ದಲ್ಲ, ನಾ ಸಾಕಿದ್ದು. ಅದಕ್ಕ ಇವರ ಬಾಯಾಗ ಮಾತು ಹೊಂಡಲಿಲ್ಲ, ಭಾಳ ನೇಮದ ಮಂದಿ. ಪಟ್ಟಿ ನಿನ್ನೆ ಹರೀತು. ಕಾರ್ಡ್ ಮನಿಯಾಗ ಐತಿ. ಹೆಸರು..." ಒಂದು ಕ್ಷಣ ತಡೆದಳು. "ಹೆಸರು ರಾಜಾ. ನಮ್ಮ ಮನಿಯಾರಿಗೆ ಫೋನ್ ಹಚ್ಚಲೇನು? ಅವರು ಇದನ್ನ ಬಿಟ್ಟು ಉಣ್ಣೂದಿಲ್ಲ."

ತಡೆಯಿಲ್ಲದೆ ಹರಿದ ಆ ಹುಸಿಗಳನ್ನು ಪೊರೆಯವರ ಹೆಂಗಸರಿಬ್ಬರೂ ಉಸಿರು ಬಿಗಿಹಿಡಿದು ಕೇಳಿದರು. ಬಸವ್ವ ಬೇರೆ ಮನೆಯವಳು; ಅವಳ ಮಾತಿನ ಭಾರ ಅವರ ಸೂರಿನ ಮೇಲೆ ಬೀಳುವುದಿಲ್ಲ. ಬೀಳದೆಂದು ತಿಳಿದಿದ್ದರೂ ವರಲಕ್ಷ್ಮಿ ನಾಯಿಯ ಕಣ್ಣುಗಳನ್ನೇ ನೋಡುತ್ತಿದ್ದಳು. ಅವು ಆರಲಿಲ್ಲ.

ಡಾಕ್ಟರ್ ಮೂವರನ್ನೂ ಒಮ್ಮೆ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯದು. ಸೂಜಿಗೆ ಮುಚ್ಚಳ ಹಾಕಿ, "ಕರ್ಕೊಂಡು ಹೋಗಿ. ಈ ವಾರದಲ್ಲಿ ರೇಬೀಸ್ ಲಸಿಕೆ ಹಾಕ್ಸಿ, ಪಟ್ಟಿ ಕಟ್ಟಿ," ಎಂದಳು. "ರಾಜಾನ ಹೀಗೆ ರೋಡಲ್ಲಿ ಬಿಡ್ಬೇಡಿ."

ಹಿಂದಿರುಗುವಾಗ ಸೂರ್ಯ ಕಟ್ಟಡಗಳ ಹಿಂದಕ್ಕೆ ಸರಿದಿದ್ದ. ಕೆಂಗೇರಿಯ ಸಿಗ್ನಲ್ಲಿನಲ್ಲಿ ವಾಹನಗಳು ಮಿಸುಕದೆ ನಿಂತಿದ್ದವು. ವರಲಕ್ಷ್ಮಿಯ ತೊಡೆಯ ಮೇಲೆ ತಲೆಯಿಟ್ಟ ನಾಯಿ ನಡುಗುತ್ತಿತ್ತು.

"ಸೀನಾ, ಬೇರೆ ದಾರಿ ಇಲ್ವೇನೋ?" ಎಂದರು ಗಂಗಲಕ್ಷ್ಮಮ್ಮನವರು.

"ಒಳಗಡೆ ಲೇಔಟ್ ಮೇಲೆ ನುಗ್ಸಿಬಿಡ್ತೀನಿ ಆಂಟಿ. ಹಂಪ್ ಜಾಸ್ತಿ, ಗಟ್ಟಿಯಾಗಿ ಹಿಡ್ಕೊಳ್ಳಿ. ಏನಮ್ಮಾ ಇದು, ನಾಯಿಗೆ ಮುಹೂರ್ತ ಇಟ್ಟಿದೀರಾ?"

"ಮುಹೂರ್ತ ಇದೆ ಕಣಪ್ಪ," ಎಂದರು ಅವರು.

ಆಟೋ ಓಣಿಗೆ ಬಂದಾಗ ಬೀದಿದೀಪಗಳು ಹತ್ತಿದ್ದವು. ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ವರಲಕ್ಷ್ಮಿ ನಾಯಿಯನ್ನು ಎದೆಗವಚಿಕೊಂಡು ಮನೆಯೊಳಗೆ ಓಡಿದಳು. ಹಿಂದಿನಿಂದ ಬಂದ ಗಂಗಲಕ್ಷ್ಮಮ್ಮನವರ ಪಾದ ಹೊಸ್ತಿಲ ಬಳಿ ನಿಂತಿತು.

"ಅತ್ತೆ, ಬೇಗ ಬನ್ನಿ! ಬಾಗಿಲು ಹಾಕ್ಬೇಕು. ಕರೀರಿ ಅವರನ್ನ!"

ಮೈ ಕಳಚುವ ಹೊತ್ತಿನಲ್ಲಿ ಹೊರಗಿದ್ದವನನ್ನು ಕರೆತರುವ ಮಂತ್ರದಂಥ ನುಡಿಯೊಂದಿದೆ. ಪೊರೆಯವರು ಅದನ್ನು 'ಕರೆ' ಎನ್ನುತ್ತಾರೆ. ಮನೆಯ ಹಿರಿಯಳೇ ಅದನ್ನು ನುಡಿಯಬೇಕು. ಪೊರೆಯಿಲ್ಲದವರು ಆಗ ಹೊಸ್ತಿಲೊಳಗಿರುವಂತಿಲ್ಲ. ಗಂಗಲಕ್ಷ್ಮಮ್ಮನವರು ಬಾಯಿ ತೆರೆದರು. ಅತ್ತೆಯ ಬಾಯಿಂದ ಕೇಳಿ ಕಲಿತು, ಗಂಡನಿಗೂ ಮಗನಿಗೂ ವರ್ಷವರ್ಷವೂ ನುಡಿದಿದ್ದ ಕರೆಯ ಮೊದಲ ಶಬ್ದವೂ ಅಲ್ಲಿರಲಿಲ್ಲ.

"ನನ್ನಲ್ಲಿಲ್ಲ," ಎಂದರು. "ನೀನೇ ಕರೀಬೇಕು."

"ನಂಗೆ ಪೂರ್ತಿ ಬರಲ್ಲ! ನೀವು ಹೇಳಿಕೊಟ್ಟೇ ಇಲ್ಲ!"

"ಪ್ರತಿವರ್ಷ ಪಕ್ಕದಲ್ಲೇ ನಿಂತು ಕೇಳಿದೀಯ. ದೀಪ ಹಚ್ಚು. ಕೇಳಿದ್ದನ್ನ ಕೇಳಿದ ಹಾಗೇ ಹೇಳು. ಹೆದರ್ಬೇಡ ಕಣೇ, ನೀನು ಮಾತಲ್ಲಿ ಎಲ್ಲೂ ಜಾರಿಲ್ಲ."

ಇಷ್ಟು ಹೇಳಿ ಅವರು ಬಾಗಿಲನ್ನು ಹೊರಗಿನಿಂದ ತಾವೇ ಎಳೆದುಕೊಂಡರು. ಒಳಗೆ ಚಿಲಕ ಬಿದ್ದ ಸದ್ದಾಯಿತು.

ಬಸವ್ವ ಮೆಟ್ಟಿಲ ಕೊನೆಯಲ್ಲಿ ನಿಂತಿದ್ದಳು. ಮೇಲೆ ಹೋಗಲಿಲ್ಲ. ಗಂಗಲಕ್ಷ್ಮಮ್ಮನವರು ಕುಳಿತಾಗ ಅವರ ಪಕ್ಕದಲ್ಲಿ ಕುಳಿತಳು. ಆಕಾಶದ ಕೊನೆಯ ಬೆಳಕು ನೀರಿನ ಟ್ಯಾಂಕಿನ ನೆತ್ತಿಯಿಂದ ಇಳಿಯುತ್ತಿತ್ತು.

ಒಳಗಿನಿಂದ ವರಲಕ್ಷ್ಮಿಯ ದನಿ ಕೇಳಿತು. ಮೊದಲು ನಡುಗಿತು, ಒಂದೆಡೆ ತಡವರಿಸಿ ನಿಂತಿತು, ಮತ್ತೆ ಮೊದಲಿನಿಂದ ಆರಂಭವಾಯಿತು. ಎಲ್ಲಿ ತಪ್ಪಿದಳು, ಹೇಗೆ ತಿದ್ದಿಕೊಂಡಳು ಎಂಬುದು ಗಂಗಲಕ್ಷ್ಮಮ್ಮನವರಿಗೆ ತಿಳಿಯಲಿಲ್ಲ. ಅವರ ಕಿವಿಗೆ ಅದೀಗ ಅರ್ಥವಿಲ್ಲದ ಒಂದು ರಾಗ, ಬಸವ್ವನಿಗೆ ಕೇಳುತ್ತಿದ್ದಷ್ಟೇ. ಅವರು ಬಸವ್ವನ ಕೈ ಹಿಡಿದರು. ದನಿ ಏರಿತು, ತಟ್ಟನೆ ನಿಂತಿತು.

ಓಣಿಯಲ್ಲೊಂದು ಬೈಕು ಹಾದುಹೋಯಿತು.

ಆಮೇಲೆ ಒಳಗೆ ಯಾರೋ ಕೆಮ್ಮಿದರು. ಗಂಡಸಿನ ಕೆಮ್ಮು. "ನೀರು..." ಎಂದಿತು ಮಹದೇವನ ಒಣಗಿದ ದನಿ. "ಅಮ್ಮ ಎಲ್ಲಿ?"

ಗಂಗಲಕ್ಷ್ಮಮ್ಮನವರು ದಡಕ್ಕನೆ ಎದ್ದರು. ಕೈ ಬಾಗಿಲಿನತ್ತ ಚಾಚಿತು. ಕರೆ ಮುಗಿದ ಮೇಲೆ ಬಾಗಿಲನ್ನು ತೆರೆಯಬೇಕಾದವರು ಒಳಗಿನವರು. ಅವರು ಚಾಚಿದ ಕೈಯನ್ನು ಹಿಂದೆಗೆದುಕೊಂಡು, ಬಾಗಿಲಿಗೆ ಮುಖಮಾಡಿ, ಚಿಲಕ ಸರಿಯುವುದನ್ನು ಕಾಯುತ್ತ ನಿಂತರು.